ನೇಲ್ ಪಾಲಿಶ್ ಹಚ್ಚಿದ ಬೋಲ್ಟು

ಸ್ಕೂಟರು ಕೆಟ್ಟು ದಾರಿಯಲ್ಲಿ ನಿಂತ ಕಥೆಗಳು ನನ್ನ ಬಳಿ ಹೆಚ್ಚಿಲ್ಲ. ಅದನ್ನು ಸರ್ವೀಸಿಗೆ ಬಿಟ್ಟ ಮೇಲೆ ನಡೆದ ಕಥೆಗಳು ಮಾತ್ರ ಒಂದರ ಹಿಂದೆ ಒಂದು ಬರುತ್ತಲೇ ಇವೆ. ಅವೆಲ್ಲ ಶುರುವಾದದ್ದು ಒಂದು ಮಾಮೂಲಿ ಭಾನುವಾರ.

ನಾನು ರಾಯಲ್ಪಾಡು ರಸ್ತೆಯ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಮನೆ ಶ್ರೀನಿವಾಸಪುರದಲ್ಲಿ. ನಮ್ಮ ಮನೆಯಲ್ಲಿ ಮೆಕ್ಯಾನಿಕ್ ಆಗಿದ್ದದ್ದು ನನ್ನ ಹೆಂಡತಿ. ಮುಳಬಾಗಿಲಿನಲ್ಲಿ ಅವಳ ತಂದೆಗೆ ಪಂಪ್‌ಸೆಟ್ ರಿಪೇರಿ ಅಂಗಡಿ ಇತ್ತು. ಅವಳು ಸ್ಪ್ಯಾನರುಗಳ ನಡುವೆಯೇ ಬೆಳೆದವಳು. ಸ್ಕೂಟರಿನ ಆಯಿಲ್, ಪ್ಲಗ್ಗು, ಬ್ರೇಕು ಎಲ್ಲವನ್ನೂ ಮನೆ ಮುಂದೆ ಕೂತು ತಾನೇ ನೋಡಿಕೊಳ್ಳುತ್ತಿದ್ದಳು. ಪಕ್ಕದಲ್ಲಿ ಟಾರ್ಚ್ ಹಿಡಿದು ನಿಲ್ಲುವುದು ನನ್ನ ಕೆಲಸ. ಬೀದಿಯಲ್ಲಿ ಹೋಗುವವರು, "ಏನ್ ಮೇಷ್ಟ್ರೇ, ಇವತ್ತೂ ಅಸಿಸ್ಟೆಂಟ್ ಡ್ಯೂಟಿನಾ?" ಅನ್ನುತ್ತಿದ್ದರು. "ಹದಿನೆಂಟು ವರ್ಷ ಆಯ್ತು, ಇನ್ನೂ ಪ್ರಮೋಷನ್ ಕೊಟ್ಟಿಲ್ಲ" ಅಂತ ಅವಳೇ ಉತ್ತರ ಹೇಳುತ್ತಿದ್ದಳು.

ಅವಳಿಗೊಂದು ಪದ್ಧತಿ ಇತ್ತು. ಬೋಲ್ಟು ಬಿಗಿ ಮಾಡಿದ ಮೇಲೆ, ಅದರ ತಲೆಯಿಂದ ಎಂಜಿನ್ನಿನ ಮೈಯವರೆಗೆ ಕೆಂಪು ನೇಲ್ ಪಾಲಿಶ್‌ನಿಂದ ಒಂದು ಗೆರೆ ಎಳೆಯುವುದು. ಬೋಲ್ಟು ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿದು ಎರಡಾಗುತ್ತದೆ. ಅವಳ ತಂದೆ ಪಂಪಿಗೆ ಪೇಂಟಿನಲ್ಲಿ ಹೀಗೆ ಮಾಡುತ್ತಿದ್ದರಂತೆ. ಉಗುರಿಗೆ ಅವಳು ಯಾವತ್ತೂ ಬಣ್ಣ ಹಚ್ಚಿದವಳಲ್ಲ.

ಆ ಭಾನುವಾರ ಬೆಳಿಗ್ಗೆ ಏಳೂವರೆಗೆ ಆಯಿಲ್ ಬದಲಾಯಿಸಿ, ಗೆರೆ ಎಳೆದು, "ಬಣ್ಣ ಒಣಗ್ಲಿ, ಹತ್ತು ನಿಮಿಷ ಗಾಡಿ ಮುಟ್ಬೇಡಿ" ಅಂದಳು. ನಾನು ನಡೆದುಕೊಂಡೇ ಸೊಪ್ಪು ತರಲು ಹೋದೆ. ವಾಪಸ್ ಬಂದಾಗ ಅವಳು ಮೆಟ್ಟಿಲಿಗೆ ಒರಗಿ ಕೂತಿದ್ದಳು. ಕರೆದರೆ ಮಾತಾಡಲಿಲ್ಲ. ಹೃದಯ ನಿಂತಿದೆ ಅಂತ ಡಾಕ್ಟರು ಹೇಳಿದರು.

ಆ ದಿನದ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನಗೆ ಬರುವುದಿಲ್ಲ. ಇನ್ನು ಮುಂದಿನದೆಲ್ಲ ಸ್ಕೂಟರಿನ ವಿಷಯ. ಅವಳಿದ್ದಾಗ ಹೇಗೆ ಓಡುತ್ತಿತ್ತೋ ಹಾಗೆಯೇ ಅದು ಓಡುತ್ತಿರಬೇಕು ಅನ್ನುವುದೊಂದೇ ನನ್ನ ಆಸೆ. ನನಗೆ ಟಾರ್ಚ್ ಹಿಡಿಯುವುದು ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ಹಾಗಾಗಿ ಶೋರೂಮಿಗೆ ಹೋದೆ.

೧. ಟಕ್ ಟಕ್

ಮೊದಲು ಹೋದದ್ದು ಕೋಲಾರಕ್ಕೆ. ಶೋರೂಮಿನಲ್ಲಿ ಏಸಿ ಇತ್ತು, ಸೋಫಾ ಇತ್ತು, ಕಾಫಿ ಕೊಟ್ಟರು. ಸರ್ವೀಸ್ ಅಡ್ವೈಸರ್ ಅನ್ನುವವರು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಬಂದು, "ಹೇಳಿ ಸಾರ್, ಏನ್ ತೊಂದ್ರೆ?" ಅಂತ ಬರೆದುಕೊಳ್ಳಲು ನಿಂತರು. ನಮ್ಮೂರಿನ ಆಸ್ಪತ್ರೆಯಲ್ಲೂ ಯಾರೂ ಇಷ್ಟು ಸಮಾಧಾನವಾಗಿ ಕೇಳಿದ್ದಿಲ್ಲ.

"ಹಳ್ಳ ಬಂದಾಗ ಹಿಂದುಗಡೆ ಟಕ್ ಟಕ್ ಅನ್ನುತ್ತೆ" ಅಂದೆ.

"ಒಂದು ಸಲ ಟಕ್ ಅನ್ನುತ್ತಾ, ಎರಡು ಸಲಾನಾ?"

ಪ್ರಶ್ನೆ ನನಗೆ ಹಿಡಿಸಿತು. ಯೋಚಿಸಿ, "ಸಣ್ಣ ಹಳ್ಳಕ್ಕೆ ಒಂದು, ದೊಡ್ಡದಕ್ಕೆ ಮೂರು" ಅಂದೆ. ಅವರು ಅದನ್ನೂ ಬರೆದುಕೊಂಡರು.

ಸಂಜೆ ಗಾಡಿ ಫಳಫಳ ಹೊಳೆಯುತ್ತಿತ್ತು. ಆಯಿಲ್ ಬದಲಾಯಿಸಿದ್ದೇವೆ, ಹಿಂದಿನ ಚಕ್ರದ ರಬ್ಬರ್ ಬುಶ್ಶು ಬದಲಾಯಿಸಿದ್ದೇವೆ ಅಂತ ಪಟ್ಟಿ ಕೊಟ್ಟರು. ಅವರೇ ನನ್ನನ್ನು ಹಿಂದೆ ಕೂರಿಸಿಕೊಂಡು ಒಂದು ಸುತ್ತು ಹೊಡೆಸಿದರು. ಎಷ್ಟು ಹಳ್ಳ ಬಂದರೂ ಸದ್ದಿಲ್ಲ. ನಾನು ಕೈ ಕುಲುಕಿ ಧನ್ಯವಾದ ಹೇಳಿದೆ.

ಹೊರಡುವಾಗ ಅವರು ಓಡಿಬಂದು, "ಸಾರ್, ನಿಮ್ಮ ಸಾಮಾನು. ಸೀಟಿನ ಕೆಳಗಿತ್ತು, ತೆಗೆದಿಟ್ಟಿದ್ವಿ" ಅಂತ ನನ್ನ ಟಿಫನ್ ಕ್ಯಾರಿಯರ್ ಕೊಟ್ಟರು. ಅದನ್ನು ಸೀಟಿನ ಕೆಳಗಿಟ್ಟು ಹೊರಟೆ. ಶೋರೂಮಿನ ಗೇಟಿನ ಮುಂದೆಯೇ ಒಂದು ಹಳ್ಳ ಇದೆ.

ಟಕ್ ಟಕ್ ಟಕ್.

ಕ್ಯಾರಿಯರ್ ತೆಗೆದು ನೋಡಿದೆ. ಒಳಗೆ ಖಾಲಿ ಡಬ್ಬಿ, ಒಂದು ಚಮಚ. ಅವಳು ಚಮಚವನ್ನು ಕರವಸ್ತ್ರದಲ್ಲಿ ಸುತ್ತಿ ಇಡುತ್ತಿದ್ದಳು. ಇಷ್ಟು ದಿನ ಅದು ಕೈ ಒರೆಸಿಕೊಳ್ಳುವುದಕ್ಕೆ ಅಂದುಕೊಂಡಿದ್ದೆ. ಹಿಂದಕ್ಕೆ ತಿರುಗಿದರೆ ಅಡ್ವೈಸರು ಇನ್ನೂ ಗೇಟಿನಲ್ಲೇ ನಿಂತಿದ್ದರು.

"ದೊಡ್ಡ ಹಳ್ಳ ಸಾರ್" ಅಂದರು. "ಮೂರು ಸಲ ಅಂದ್ರಿ, ಸರಿಯಾಗಿದೆ."

೨. ಹತ್ತಕ್ಕೆ ಎಷ್ಟು

ಮೂರು ತಿಂಗಳ ನಂತರ ಮತ್ತೆ ಸರ್ವೀಸಿನ ಸಮಯ ಬಂತು. ನಮ್ಮ ಶಾಲೆಯ ಡ್ರಾಯಿಂಗ್ ಮೇಡಂ ಮಾಲೂರಿನವರು. "ಕೋಲಾರದವರನ್ನ ನಂಬಬೇಡಿ ಸಾರ್, ನಮ್ಮೂರಿನ ಶೋರೂಮಿಗೆ ಹೋಗಿ. ನಮ್ಮ ಜನ ಸುಳ್ಳು ಹೇಳಲ್ಲ" ಅಂದರು. ಊರಿನ ಮರ್ಯಾದೆ ಪ್ರಶ್ನೆ ಅಂತ ಒಂದು ಶನಿವಾರ ಮಧ್ಯಾಹ್ನ ಅಷ್ಟು ದೂರ ಹೋದೆ.

ಮಾಲೂರಿನವರು ಸುಳ್ಳು ಹೇಳಲಿಲ್ಲ. ಅವರು ಏನನ್ನೂ ಹೇಳಲಿಲ್ಲ. ಒಂದು ಗಂಟೆಯಲ್ಲಿ ಗಾಡಿ ತೊಳೆದು, ಆಯಿಲ್ ಬದಲಾವಣೆಯೂ ಸೇರಿ ಎಲ್ಲಕ್ಕೂ ಸರಿ ಗುರುತು ಹಾಕಿದ ಹಾಳೆ ಕೈಗಿಟ್ಟು ಕಳಿಸಿದರು. ಮನೆಗೆ ಬಂದು ಸೀಟು ಎತ್ತಿದರೆ ಒಳಗೆ ಅವರ ಹನ್ನೆರಡು ನಂಬರ್ ಸ್ಪ್ಯಾನರ್ ಮಲಗಿತ್ತು.

ಸೋಮವಾರ ಫೋನು ಬಂತು. ಹುಡುಗಿಯ ಧ್ವನಿ. "ಸಾರ್, ನಮ್ಮ ಸರ್ವೀಸಿಗೆ ಹತ್ತಕ್ಕೆ ಎಷ್ಟು ಅಂಕ ಕೊಡ್ತೀರಾ? ಎಲ್ರೂ ಹತ್ತು ಕೊಡ್ತಾರೆ ಸಾರ್."

ಎಲ್ಲರೂ ಕೊಡುತ್ತಾರೆ ಅನ್ನುವ ಕಾರಣಕ್ಕೆ ನಾನು ಇವತ್ತಿನವರೆಗೆ ಯಾರಿಗೂ ಅಂಕ ಕೊಟ್ಟಿಲ್ಲ. "ಒಂದು ನಿಮಿಷ ಇರಮ್ಮ" ಅಂತ ಹಾಳೆ ತೆಗೆದುಕೊಂಡು ಲೆಕ್ಕ ಹಾಕಿದೆ. "ತೊಳೆದದ್ದಕ್ಕೆ ಎರಡಕ್ಕೆ ಎರಡು. ಸಮಯಕ್ಕೆ ಕೊಟ್ಟದ್ದಕ್ಕೆ ಎರಡು. ಕನ್ನಡಿ ಆಕಾಶ ನೋಡ್ತಿತ್ತು, ಅಲ್ಲಿ ಒಂದು ಕಳೆದಿದ್ದೀನಿ. ಬ್ರೇಕು ಮೊದಲು ಹೇಗಿತ್ತೋ ಹಾಗೇ ಇದೆ, ಅದಕ್ಕೆ ಸೊನ್ನೆ. ಸ್ಪ್ಯಾನರ್ ಬಿಟ್ಟುಹೋಗಿದ್ದೀರಿ, ಅಂದ್ರೆ ಏನನ್ನೋ ಬಿಚ್ಚೋ ಪ್ರಯತ್ನವಾದ್ರೂ ನಡೆದಿದೆ. ಪ್ರಯತ್ನಕ್ಕೆ ಅರ್ಧ. ಒಟ್ಟು ಮೂರೂವರೆ. ಸ್ಪ್ಯಾನರ್ ಯಾರಿಗೆ ಕಳಿಸಲಿ?"

ಆ ಕಡೆ ಯಾರನ್ನೋ ವಿಚಾರಿಸಿದ ಸದ್ದು. "ನಮ್ಮಲ್ಲಿ ಯಾವ ಸ್ಪ್ಯಾನರೂ ಕಳೆದಿಲ್ವಂತೆ ಸಾರ್. ಎಲ್ಲಾ ಸರಿಯಾಗಿದೆ ಅಂತಿದಾರೆ." ಆಮೇಲೆ ಧ್ವನಿ ಬದಲಾಯಿತು. "ಸಾರ್, ನೀವು ಗಣಿತದ ಸಾರ್ ಅಲ್ವಾ? ನಾನು ನಿಮ್ಮ ಸ್ಟೂಡೆಂಟು ಸಾರ್."

"ಹೌದೇನಮ್ಮ? ಚೆನ್ನಾಗಿದ್ದೀಯಾ?"

"ಚೆನ್ನಾಗಿದ್ದೀನಿ ಸಾರ್. ಮೊದಲ ಕಿರುಪರೀಕ್ಷೆಲಿ ನನಗೂ ಮೂರೂವರೇನೇ ಕೊಟ್ಟಿದ್ರಿ. ಆಗಲೂ ಪ್ರಯತ್ನಕ್ಕೆ ಅರ್ಧ."

೩. ಕದಲದ ಗೆರೆ

ಇಷ್ಟೆಲ್ಲ ಆದ ಮೇಲೂ ಗಾಡಿ ದಿನೇದಿನೇ ಸೊರಗುತ್ತಾ ಬಂತು. ದಿಬ್ಬ ಹತ್ತುವಾಗ ಏದುಸಿರು ಬಿಡುತ್ತಿತ್ತು. ಎಂಜಿನ್ನಿನಿಂದ ಕಾಳು ಹುರಿದಂಥ ಸದ್ದು. ಹೆದರಿಕೆಯಾಗಿ ಮತ್ತೆ ಕೋಲಾರದ ಇಸ್ತ್ರಿ ಶರ್ಟಿನವರ ಹತ್ತಿರವೇ ಹೋದೆ.

ಅವರು ಕಿವಿಗೊಟ್ಟು ಕೇಳಿ, ತಲೆ ಆಡಿಸಿದರು. "ಎಂಜಿನ್ ಮುಗೀತು ಸಾರ್. ಎಕ್ಸ್‌ಚೇಂಜಿಗೆ ಹಾಕಿ, ಹೊಸದು ತಗೊಳ್ಳಿ. ಇವತ್ತೇ ಬುಕ್ ಮಾಡಿದ್ರೆ ಹೆಲ್ಮೆಟ್ ಫ್ರೀ."

"ಈ ಗಾಡಿ ಕೊಡೋ ಹಾಗಿಲ್ಲ" ಅಂದೆ.

"ಸೆಂಟಿಮೆಂಟಾ ಸಾರ್?"

"ಹೌದು" ಅಂದೆ. ಅವರು ಎಂಜಿನ್ ಎಷ್ಟು ಕೆಟ್ಟಿದೆ ಅಂತ ತೋರಿಸುತ್ತೇನೆ ಬನ್ನಿ ಅಂತ ಗಾಡಿಯನ್ನು ಲಿಫ್ಟಿನ ಮೇಲೆ ಎತ್ತಿಸಿದರು.

ನಾನು ಅಭ್ಯಾಸಬಲದಿಂದ ಮೊಬೈಲ್ ಟಾರ್ಚ್ ಹಾಕಿ ಹಿಡಿದೆ. ಕೆಳಗೆ, ಆಯಿಲ್ ಬೋಲ್ಟಿನ ತಲೆಯಿಂದ ಎಂಜಿನ್ನಿನ ಮೈಯವರೆಗೆ ಕೆಂಪು ಗೆರೆ. ಕೂದಲೆಳೆಯಷ್ಟೂ ಮುರಿದಿಲ್ಲ.

"ಇದೇನು ಸಾರ್, ಸೀಲು?"

"ನನ್ನ ಹೆಂಡತಿ ಹಾಕಿದ್ದು" ಅಂದೆ. ಆಮೇಲೆ ಪಾಠ ಮಾಡುವ ಹಾಗೆ ವಿವರಿಸಿದೆ. ಬೋಲ್ಟು ಬಿಚ್ಚದೆ ಹಳೇ ಆಯಿಲ್ ಹೊರಗೆ ಬರುವುದಿಲ್ಲ. ಬೋಲ್ಟು ಬಿಚ್ಚಿದರೆ ಗೆರೆ ಮುರಿಯಲೇಬೇಕು. ಗೆರೆ ಮುರಿದಿಲ್ಲ. ಆದ್ದರಿಂದ ನಿಮ್ಮಲ್ಲಿ ಒಂದು ಸಲ, ಮಾಲೂರಿನಲ್ಲಿ ಒಂದು ಸಲ ಬದಲಾಯಿಸಿದ್ದೇವೆ ಅಂದ ಆಯಿಲ್ ಬದಲಾಗಿಲ್ಲ. ಆರು ತಿಂಗಳಿಂದ ಗಾಡಿ ಒಂದೇ ಆಯಿಲಿನಲ್ಲಿ ಓಡುತ್ತಿದೆ.

ಸುತ್ತ ನಾಲ್ಕೈದು ಗಿರಾಕಿಗಳು ಸೇರಿದ್ದರು. ಒಬ್ಬರು ಬಗ್ಗಿ ನೋಡಿ, "ಮೇಷ್ಟ್ರು ಹೇಳೋದು ಸರಿ" ಅಂದರು. ಇನ್ನೊಬ್ಬರು ತಮ್ಮ ಗಾಡಿಯನ್ನು ಮೆಲ್ಲಗೆ ಹೊರಗೆ ತಳ್ಳಿಕೊಂಡು ಹೋದರು.

ಅಡ್ವೈಸರು ಗೆರೆಯನ್ನು ಬಹಳ ಹೊತ್ತು ನೋಡಿದರು. ಕೊನೆಗೆ ಗಂಭೀರವಾಗಿ ಹೇಳಿದರು: "ನಮ್ಮ ಟೆಕ್ನಿಶಿಯನ್ ಕೈ ಅಷ್ಟು ನೀಟು ಸಾರ್. ಬಿಚ್ಚಿ ಹಾಕಿದ್ರೂ ಬಣ್ಣ ಕದಲೋದಿಲ್ಲ."

೪. ಹದಿನಾಲ್ಕು ಹಂತ

ಅಲ್ಲಿಂದಲೇ ಮುಳಬಾಗಿಲಿಗೆ ಮಾವನವರಿಗೆ ಫೋನ್ ಮಾಡಿದೆ. ಎಲ್ಲ ಕೇಳಿಸಿಕೊಂಡು, "ಎಂಜಿನ್‌ಗೆ ಏನೂ ಆಗಿಲ್ಲ. ಭಾನುವಾರ ನಿಧಾನಕ್ಕೆ ಓಡಿಸ್ಕೊಂಡು ಬನ್ನಿ ಅಳಿಯಂದ್ರೇ. ಬರ್ತಾ ಎರಡು ಡಬ್ಬಿ ಆಯಿಲ್ ತನ್ನಿ" ಅಂದರು.

"ಒಂದು ಡಬ್ಬಿ ಸಾಕು ಅಂತ ಗಾಡಿ ಪುಸ್ತಕದಲ್ಲಿದೆ ಮಾವ."

"ಪುಸ್ತಕದಲ್ಲಿರ್ಲಿ. ಎರಡು ತನ್ನಿ."

ಶನಿವಾರ ಪೂರ್ತಿ ಕೂತು ಆಯಿಲ್ ಬದಲಾಯಿಸುವ ಕ್ರಮವನ್ನು ಹದಿನಾಲ್ಕು ಹಂತಗಳಲ್ಲಿ ಬರೆದೆ. ಭಾನುವಾರ ಮಾವನವರು ಅದನ್ನು ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, ಏನೂ ಹೇಳದೆ ವಾಪಸ್ ಕೊಟ್ಟರು. "ನನ್ನ ಕೈ ನಡುಗುತ್ತೆ. ನೀವೇ ಮಾಡಿ" ಅಂತ ಕುರ್ಚಿ ಹಾಕಿಕೊಂಡು ಕೂತರು. ಈ ಸಲ ಟಾರ್ಚ್ ಅವರ ಕೈಯಲ್ಲಿತ್ತು.

ಮಾಲೂರಿನ ಸ್ಪ್ಯಾನರ್ ಬೋಲ್ಟಿಗೆ ಸರಿಯಾಗಿ ಕೂತಿತು. ಆದರೆ ನನ್ನ ಕೈ ತಿರುಗಲಿಲ್ಲ. ಗೆರೆ ಅಷ್ಟು ನೇರವಾಗಿತ್ತು.

ಮಾವನವರು ಟಾರ್ಚನ್ನು ಬೋಲ್ಟಿನ ಹತ್ತಿರಕ್ಕೆ ತಂದರು. "ತಿರುಗ್ಸಿ. ಆರು ತಿಂಗಳು ಒಂದೇ ಆಯಿಲಲ್ಲಿ ಓಡ್ಸಿದೀರಿ. ಅವಳಿದ್ದಿದ್ರೆ ನಿಮ್ಮನ್ನ ಮನೆಯಿಂದ ಆಚೆ ಹಾಕ್ತಿದ್ಲು."

ತಿರುಗಿಸಿದೆ. ಹಳೇ ಆಯಿಲ್ ಟಾರಿನ ಹಾಗೆ ಕಪ್ಪಗೆ ಇಳಿಯಿತು. ಕೊನೆಯ ಹನಿ ಬಿದ್ದ ಮೇಲೆ ಅವರು, "ಅಯಿಪೋಯಿಂದಾ?" ಅಂತ ತೆಲುಗಿನಲ್ಲಿ ಕೇಳಿದರು, ಮುಗೀತಾ ಅಂತ. "ಆಯ್ತು ಮಾವ" ಅಂದೆ. ಹಾಳೆ ನೋಡಿಕೊಂಡು ಮುಂದುವರಿದೆ. ಹಂತ ಒಂಬತ್ತು, ಲಾಳಿಕೆ ಇಡುವುದು. ಹಂತ ಹತ್ತು, ಹೊಸ ಆಯಿಲನ್ನು ನಿಧಾನವಾಗಿ ಸುರಿಯುವುದು. ನಿಧಾನವಾಗಿಯೇ ಸುರಿದೆ. ಡಬ್ಬಿ ಪೂರ್ತಿ ಖಾಲಿಯಾಯಿತು. ಆಗ ಕಾಲಿಗೆ ಏನೋ ತಣ್ಣಗೆ ತಗುಲಿತು.

ಹೊಸ ಆಯಿಲೆಲ್ಲ ಮೇಲಿಂದ ಹೋಗಿ ಕೆಳಗಿಂದ ಬಂದು ನನ್ನ ಚಪ್ಪಲಿಯ ಸುತ್ತ ನಿಂತಿತ್ತು. ಹದಿನಾಲ್ಕು ಹಂತಗಳಲ್ಲಿ ಬೋಲ್ಟನ್ನು ವಾಪಸ್ ಹಾಕುವ ಹಂತವೇ ಇರಲಿಲ್ಲ.

"ಮಾವ, ನೀವು ಎರಡು ಸಲ ಓದಿದ್ರಲ್ಲ."

"ಓದ್ದೆ. ಮೇಷ್ಟ್ರು ಬರೆದಿದ್ದನ್ನ ನಾನು ತಿದ್ದೋಕಾಗುತ್ತಾ?" ಅಂದರು. ಆಮೇಲೆ ಎರಡನೇ ಡಬ್ಬಿಯನ್ನು ನನ್ನ ಕಡೆ ಕಾಲಿನಿಂದ ತಳ್ಳಿದರು. "ಮೊದಲ ಸಲ ಅವಳೂ ಹೀಗೇ ಮಾಡಿದ್ಲು. ಇದೇ ಜಾಗದಲ್ಲಿ."

ಇಬ್ಬರೂ ನಗಲು ಶುರುಮಾಡಿದೆವು. ಬಹಳ ಹೊತ್ತು ನಕ್ಕೆವು. ಸಂಜೆ ಗಾಡಿ ಹಳೆಯ ದನಿಯಲ್ಲಿ, ಒಂದೇ ಸಮನೆ ಗುಂಯ್‌ಗುಡುತ್ತಾ ಶ್ರೀನಿವಾಸಪುರಕ್ಕೆ ಬಂತು.

೫. ಯಾವ ಕೆಂಪು

ಒಂದು ಕೆಲಸ ಬಾಕಿ ಇತ್ತು. ಗೆರೆ ಎಳೆಯಬೇಕು, ಅದೇ ಕೆಂಪಿನಲ್ಲಿ.

ಅವಳ ಸೀಸೆ ಟೂಲ್ ಡಬ್ಬಿಯಲ್ಲೇ ಇತ್ತು. ಅದರ ಮೇಲಿನ ಚೀಟಿ ಆಯಿಲಿಗೆ ಅಳಿಸಿ ಹೋಗಿತ್ತು. ಗಾಜಿನ ಮೂಲಕ ನೋಡಿ ಬಣ್ಣ ಹೇಳುವುದು ಕರಾರುವಾಕ್ಕಾದ ವಿಧಾನವಲ್ಲ. ಹಚ್ಚಿ ಒಣಗಿದ ಮೇಲಿನ ಬಣ್ಣ ಬೇಕು. ಹಾಗಾಗಿ ಒಂದೇ ಒಂದು ಹನಿ ತೆಗೆದು ನನ್ನ ಎಡಗೈ ಕಿರುಬೆರಳಿನ ಉಗುರಿಗೆ ಹಚ್ಚಿಕೊಂಡು, ಹತ್ತು ನಿಮಿಷ ಒಣಗಿಸಿ, ಅವತ್ತೇ ಸಂಜೆ ಫ್ಯಾನ್ಸಿ ಸ್ಟೋರಿಗೆ ಹೋದೆ.

ಅಂಗಡಿಯ ಅಮ್ಮ ನನ್ನ ಬೆರಳು ನೋಡಿದರು. ನನ್ನ ಮುಖ ನೋಡಿದರು. "ಯಾರಿಗೆ ಸಾರ್?"

"ಗಾಡಿಗೆ."

"ಗಾಡಿಗೆ ಎಲ್ಲಿಗೆ?"

"ಅಡಿಯಲ್ಲಿ. ಯಾರಿಗೂ ಕಾಣಲ್ಲ."

ಅವರು ಹನ್ನೊಂದು ಕೆಂಪು ತೋರಿಸಿದರು. ಬೆಳಕಿಗೆ ಹಿಡಿದು ಒಂದೊಂದನ್ನೂ ಹೋಲಿಸಿದೆ. ಏಳನೆಯದು ಸರಿಹೋಯಿತು. "ನಿಮ್ಮ ಕೈಗೆ ಒಪ್ಪುತ್ತೆ ಸಾರ್" ಅಂದರು.

ಹಚ್ಚಿದ ಬಣ್ಣ ಸೋಪಿಗೆ ಹೋಗುವುದಿಲ್ಲ, ಅದನ್ನು ತೆಗೆಯಲು ಬೇರೆ ಸೀಸೆ ಬರುತ್ತದೆ ಅನ್ನುವುದು ನನಗೆ ಗೊತ್ತಿರಲಿಲ್ಲ. ಸೋಮವಾರ ಒಂಬತ್ತನೇ ತರಗತಿಗೆ ಎಡಗೈ ಜೇಬಿನಲ್ಲಿಟ್ಟುಕೊಂಡೇ ಹೋದೆ. ಆದರೆ ಅವತ್ತಿನ ಪಾಠ ವೃತ್ತ. ಹಗ್ಗದಿಂದ ವೃತ್ತ ಎಳೆಯಲು ಎರಡೂ ಕೈ ಬೇಕು. ಕೇಂದ್ರದ ಮೇಲೆ ಎಡಗೈ ಬೆರಳಿಟ್ಟೆ. ನಲವತ್ತು ಮಕ್ಕಳು ಯಾವತ್ತೂ ಅಷ್ಟು ಗಮನವಿಟ್ಟು ಕೇಂದ್ರಬಿಂದುವನ್ನು ನೋಡಿದ್ದಿಲ್ಲ.

ಊಟದ ಬಿಡುವಿನ ಹೊತ್ತಿಗೆ ಸಾರ್ ಫ್ಯಾನ್ಸಿ ಸ್ಟೋರಿನಲ್ಲಿ ನೇಲ್ ಪಾಲಿಶ್ ಆರಿಸುತ್ತಿದ್ದರು ಅನ್ನುವ ಸುದ್ದಿ ಬಂದಿತ್ತು. ಬಿಡುವು ಮುಗಿಯುವ ಹೊತ್ತಿಗೆ ಹುಡುಗಿ ರಾಯಲ್ಪಾಡಿನವಳು ಅಂತ ತೀರ್ಮಾನವಾಗಿತ್ತು. ಕೊನೆಯ ಪೀರಿಯಡ್ಡಿಗೆ ಮದುವೆ ಆವನಿಯ ದೇವಸ್ಥಾನದಲ್ಲಿ, ಸರಳವಾಗಿ, ಅಂತಲೂ ಗೊತ್ತಾಯಿತು.

ಸಂಜೆ ಡ್ರಾಯಿಂಗ್ ಮೇಡಂ ಸ್ಟಾಫ್ ರೂಮಿನಲ್ಲಿ ನನ್ನೆದುರು ಬಂದು ಕೂತರು. "ಒಳ್ಳೇ ನಿರ್ಧಾರ ಸಾರ್. ಎಷ್ಟು ದಿನ ಅಂತ ಒಬ್ಬರೇ ಇರೋಕಾಗುತ್ತೆ? ಮಾಲೂರು ಕಡೆ ಅಡುಗೆಯವರು ಬೇಕಾದ್ರೆ ನಾನು ಹೇಳ್ತೀನಿ. ಸುಳ್ಳು ಹೇಳೋ ಜನ ಅಲ್ಲ."

ನಾನು ಅವರನ್ನು ಹೊರಗೆ ಕರೆದುಕೊಂಡು ಹೋಗಿ, ಸ್ಕೂಟರನ್ನು ಒಂದು ಪಕ್ಕಕ್ಕೆ ವಾಲಿಸಿ, ಟಾರ್ಚ್ ಹಾಕಿ ತೋರಿಸಿದೆ. ಹಿಂದಿನ ರಾತ್ರಿ ನಾನು ಎಳೆದ ಹೊಸ ಗೆರೆ. ಸ್ವಲ್ಪ ಸೊಟ್ಟಗಿತ್ತು. ಗೋಡೆಯಾಚೆ ಅರ್ಧ ಶಾಲೆ ಬಗ್ಗಿ ನೋಡುತ್ತಿತ್ತು. ಅದು ಯಾಕೆ, ಯಾರು ಶುರುಮಾಡಿದ್ದು ಅಂತ ಹೇಳಿದೆ. ಅವರು ಅಲ್ಲೇ ಮೆಟ್ಟಿಲ ಮೇಲೆ ಕೂತು, ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು.

"ಅಲ್ಲ ಸಾರ್" ಅಂದರು ಕಣ್ಣೊರೆಸಿಕೊಂಡು, "ಈ ಮದುವೆ ಎಲ್ಲಾ ಯಾಕೆ ಬೇಕಿತ್ತು? ಮನೇಲಿದ್ದ ಹಳೇ ಸೀಸೆ ಮುಗಿದುಹೋಗಿತ್ತಾ?"

ಹಳೆಯ ಸೀಸೆಯಲ್ಲಿ ಇನ್ನೂ ಕಾಲು ಭಾಗ ಬಣ್ಣ ಇದೆ. ಅದನ್ನು ಹಾಗೇ ಎತ್ತಿಟ್ಟಿದ್ದೇನೆ.