ಏಳು ಕ್ಯಾಲೆಂಡರಿನ ಮಾವ

ಸತ್ಯವಾಗಿ ಹೇಳ್ತೀನಿ, ಯಮಧರ್ಮರಾಯನೇ ಕೋಣ ಹತ್ತಿಕೊಂಡು ನಮ್ಮ ಮಾವನ ಮನೆಗೆ ಬಂದರೂ ಮೊದಲು ಜಗಲಿ ಮೇಲೆ ಕೂತು ಕಾಯಬೇಕು! ಫೋನಿಗೆ ಮುಂಚೇನೇ ಇನ್ವಿಟೇಶನ್ ಕಳಿಸಿರಬೇಕು, ಅದು ರಾಹುಕಾಲದಲ್ಲಿ ಇರಬಾರದು, ಹಸುವಿಗೆ ಇಂಜೆಕ್ಷನ್ ಹಾಕಿಸೋ ದಿನ ಆಗಿರಬಾರದು, ತೋಟಕ್ಕೆ ತ್ರೀ ಫೇಸ್ ಕರೆಂಟು ಬರೋ ಹೊತ್ತಂತೂ ಆಗಲೇಬಾರದು. ಇಷ್ಟೆಲ್ಲ ಸರಿಹೋಗಿ ಮಾವ ಕನ್ನಡಕ ಏರಿಸಿ 'ಎಸ್' ಒತ್ತಿದರೆ ಸರಿ, ಇಲ್ಲದಿದ್ದರೆ ಕೋಣ ತಿರುಗಿಸಿಕೊಂಡು ಹೋಗ್ತಾ ಇರೋದೇ.

ಮಾವ ಅಂದರೆ ನಮ್ಮಮ್ಮನ ತಮ್ಮ. ಊರು ನಲ್ಲಂಪಳ್ಳಿ ಹತ್ತಿರ. ನಾವು ಧರ್ಮಪುರಿ ಸೀಮೆಯ ಕನ್ನಡದವರು. ಮನೆಯಲ್ಲಿ ಕನ್ನಡದಲ್ಲಿ ಜಗಳ ಆಡ್ತೀವಿ, ಬಸ್ಸಲ್ಲಿ ತಮಿಳಿನಲ್ಲಿ. ಮಾವ ಹರೂರು ಬಸ್ ಸ್ಟ್ಯಾಂಡಿನಲ್ಲಿ ಟೈಮ್ ಕೀಪರ್ ಆಗಿದ್ದು ರಿಟೈರ್ ಆದವನು. ಯಾವ ಬಸ್ಸು ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಬಂತು, ಹೋಯ್ತು ಅಂತ ರಿಜಿಸ್ಟರಿನಲ್ಲಿ ಬರೆದು, ಸೀಟಿ ಊದಿ, "ಸೇಲಂ ವಂಡಿ ಎಡು!" ಅಂತ, ಅಂದರೆ ಸೇಲಂ ಬಸ್ಸು ತೆಗಿ ಅಂತ, ತಮಿಳಲ್ಲಿ ಕೂಗೋದು ಅವನ ಕೆಲಸ. ಹತ್ತು ಗಂಟೆ ನಾಲ್ಕು ನಿಮಿಷಕ್ಕೆ ಬಂದ ಬಸ್ಸನ್ನು ಹತ್ತು ಗಂಟೆಗೆ ಬಂತು ಅಂತ ಬರೆಯೋಕೆ ಡ್ರೈವರುಗಳು ಟೀ ಕುಡಿಸಿ, ಕಾಲು ಹಿಡಿದು, ಕಡೆಗೆ ಬೈದೂ ನೋಡಿದರು. ಊಹೂಂ! ತನ್ನ ಸ್ವಂತ ಮದುವೆಯ ದಿನ, ಒಂಬತ್ತು ಗಂಟೆಗೆ ಅಂತ ಮಾತಾಡಿದ್ದ ಬಸ್ಸನ್ನು ಒಂಬತ್ತಕ್ಕೆ ಸರಿಯಾಗಿ ಹೊರಡಿಸಿಬಿಟ್ಟ ಮಹಾನುಭಾವ. ಹಿಂದೆ ತಿರುಗಿ ನೋಡಿದರೆ ಹೆತ್ತ ತಾಯಿನೇ ಬಸ್ಸಲ್ಲಿಲ್ಲ! ನಮ್ಮಜ್ಜಿ ಹೂವಿನ ಬುಟ್ಟಿ ಹೊತ್ತುಕೊಂಡು ಹಾಲಿನ ವ್ಯಾನು ಹತ್ತಿ ಮಗನ ಮದುವೆಗೆ ಹೋದಳು.

ಇಂಥವನ ಕೈಗೆ ಫೋನಿನ ಕ್ಯಾಲೆಂಡರ್ ಕೊಟ್ಟವರು ಯಾರು ಅಂತೀರಾ? ಆ ಪಾಪ ನಂದೇ!

ಮಾವನ ಮನೆಯ ಗೋಡೆಯಲ್ಲಿ ಐದು ದಿನಕ್ಯಾಲೆಂಡರ್ ನೇತಾಡ್ತಿದ್ದವು; ಗೊಬ್ಬರದ ಅಂಗಡಿಯದು, ಜವಳಿ ಅಂಗಡಿಯದು, ಹೀಗೆ. ದಿನಾ ಬೆಳಗ್ಗೆ ಐದರ ಹಾಳೆಯನ್ನೂ ಹರಿದು, ಐದನ್ನೂ ತಾಳೆ ನೋಡಿದ ಮೇಲೇ ಕಾಫಿ. ಒಂದು ಪೊಂಗಲ್ ರಜೆಯಲ್ಲಿ ನಾನು ತಾರಮಂಗಲಂನಿಂದ ಹೋದವಳು (ಅಲ್ಲಿ ನಾನು ಟೀಚರು) ಅಯ್ಯೋ ಪಾಪ ಅಂತ ಫೋನಿನಲ್ಲಿ ಒಂದು ಕ್ಯಾಲೆಂಡರ್ ಮಾಡಿಕೊಟ್ಟೆ. ಮಾವ ಕನ್ನಡಕ ಏರಿಸಿ ಅದನ್ನ ಮೇಲಕ್ಕೂ ಕೆಳಕ್ಕೂ ಉಜ್ಜಿ ನೋಡಿದ.

"ಅಮ್ಮಿ, ಇದ್ರಾಗೆ ಇನ್ನೊಂದು ಮಾಡ್ಬೌದಾ?"

"ಎಷ್ಟು ಬೇಕಾದ್ರೂ ಮಾಡು ಮಾವ, ಒಂದೊಂದಕ್ಕೆ ಒಂದೊಂದು ಬಣ್ಣ ಕೊಡ್ಬೋದು" ಅಂದೆ. ಅನ್ನಬಾರದಿತ್ತು!

ರಜೆ ಮುಗಿಯೋದರೊಳಗೆ ಏಳು ಕ್ಯಾಲೆಂಡರ್! ತೋಟದ ಕರೆಂಟಿಗೆ ಹಸಿರು, ನಲ್ಲಿ ನೀರಿಗೆ ನೀಲಿ, ಹಸುಗಳಿಗೆ ಕಂದು, ಮದುವೆ-ಬಾಣಂತಿ ಸಮಾಚಾರಕ್ಕೆ ಹಳದಿ, ರಾಹುಕಾಲಕ್ಕೆ ಕೆಂಪು. ಅಮಾವಾಸ್ಯೆ, ಹಿರಿಯರಿಗೆ ಎಡೆ ಇಡೋದು, ಇವಕ್ಕೆ ಬೂದಿ ಬಣ್ಣ. ಹುಟ್ಟುಹಬ್ಬಕ್ಕೆ ಗುಲಾಬಿ. ಅಷ್ಟೂ ಕ್ಯಾಲೆಂಡರನ್ನು ನೆಂಟರಿಷ್ಟರೆಲ್ಲರ ಫೋನಿಗೂ ಹಂಚಿಬಿಟ್ಟ. ಇನ್ನೊಂದು ಕಾನೂನು ಬೇರೆ. ಯಾವುದೇ ಸಂಗತಿ ಮತ್ತೆ ಮತ್ತೆ ಬರೋ ಹಾಗೆ ಹಾಕಿದರೆ ಅದು ಎಂದಿಗೆ ಮುಗಿಯುತ್ತೆ ಅಂತ ಕೊನೆ ತಾರೀಕು ಹಾಕಲೇಬೇಕು. ರಾಹುಕಾಲಕ್ಕೂ ಕೊನೆ ತಾರೀಕು ಹಾಕಿದ್ದ! "ಯಾಕೆ ಮಾವ, ಅದು ಮುಗಿಯೋದುಂಟಾ?" ಅಂದರೆ, "ಲಾಸ್ಟ್ ಟ್ರಿಪ್ ಇಲ್ದಿರಾ ವಂಡಿ ಎಲ್ಲಾದ್ರೂ ಐತಾ ಅಮ್ಮಿ? ಎಲ್ಲಾದ್ಕೂ ಒಂದು ಲಾಸ್ಟ್ ಟ್ರಿಪ್ ಇರ್ಬೇಕು" ಅಂತ ನನಗೇ ಪಾಠ.

ಆಮೇಲೆ ಶುರುವಾಯ್ತು ನೋಡಿ! ಒಂದು ಬೆಳಗ್ಗೆ ನಮ್ಮೆಲ್ಲರ ಫೋನೂ ಒಟ್ಟಿಗೆ ಕಿರುಚಿತು: 'ಇವತ್ತು ಹೆರಿಗೆ. ಎಲ್ಲಾ ರೆಡಿ ಇರಿ.' ಮನೆಯಲ್ಲಿ ಯಾವ ಹುಡುಗಿ ಬಸುರಿ ಅಂತ ಯಾರಿಗೂ ಗೊತ್ತಿಲ್ಲ, ಆದರೂ ಕೇಳೋಕೆ ನಾಚಿಕೆ! ಮಧ್ಯಾಹ್ನದ ಹೊತ್ತಿಗೆ ಮೇಟ್ಟೂರು ಕಡೆಯ ನೆಂಟರು ಒಂಬತ್ತು ಜನ ಬೆಳ್ಳುಳ್ಳಿ, ಹಳೇ ಸೀರೆ, ಬೇಬಿ ಪೌಡರ್ ಸಮೇತ ಮಾವನ ಬಾಗಿಲಲ್ಲಿ ಇಳಿದರು. ಕೊಟ್ಟಿಗೆಯಲ್ಲಿ ಹಸು ಆಗ ತಾನೇ ಕರು ಹಾಕಿ ನೆಕ್ಕುತ್ತಾ ನಿಂತಿತ್ತು. ಮಾವ ಕಂದು ಕ್ಯಾಲೆಂಡರಿಗೆ ಹಾಕಬೇಕಾದ್ದನ್ನ ಹಳದಿಗೆ ಹಾಕಿದ್ದ. ಸೋತನಾ? ಸೋಲ್ತಾನಾ? "ಬಂದ್ರಲ್ಲ, ಒಳ್ಳೇದಾಯ್ತು, ಗಿಣ್ಣಾಲು ತಿಂದ್ಕೊಂಡೇ ಓಗಿ!" ಅಂದ. ನೆಂಟರು ಗಿಣ್ಣು ತಿಂದರು, ಬೇಬಿ ಪೌಡರನ್ನು ಮಾತ್ರ ವಾಪಸ್ ಒಯ್ದರು.

ಅಮಾವಾಸ್ಯೆ ಕಥೆ ಇನ್ನೂ ಚೆನ್ನಾಗಿದೆ. ಮೂವತ್ತು ದಿನಕ್ಕೊಂದು ಅಮಾವಾಸ್ಯೆ ತಾನೇ ಅಂತ ಮಾವ ಮೂವತ್ತು ದಿನಕ್ಕೊಮ್ಮೆ ಬರೋ ಹಾಗೆ ಹಾಕಿಬಿಟ್ಟ. ಚಂದ್ರನ ಲೆಕ್ಕ ಅದಕ್ಕಿಂತ ಅರ್ಧ ದಿನ ಕಡಿಮೆ ಅನ್ನೋದು ಅವನ ಗಮನಕ್ಕೆ ಬರಲಿಲ್ಲ; ಗೋಡೆಯ ಐದು ಕ್ಯಾಲೆಂಡರನ್ನೂ ಆಗಲೇ ಇಳಿಸಿ ಅಟ್ಟಕ್ಕೆ ಹಾಕಿದ್ದ. ನಾಲ್ಕು ತಿಂಗಳಾದ ಮೇಲೆ ಒಂದು ದಿನ, ಫೋನು ಹೇಳಿತು ಅಂತ ಅತ್ತೆ (ಮಾವನ ಹೆಂಡತಿ) ತಲೆಗೆ ನೀರು ಹುಯ್ದುಕೊಂಡು, ಒಪ್ಪೊತ್ತಿದ್ದು, ಕಾಗೆಗೆ ಅನ್ನ ಇಟ್ಟಳು. ಕಾಗೆ ತಿಥಿ ಕೇಳದೆ ತಿಂದು ಹೋಯ್ತು. ಸಂಜೆ ಅತ್ತೆ ಅಂಗಳಕ್ಕೆ ಬಂದು ನೋಡ್ತಾಳೆ, ತೆಂಗಿನ ಮರದ ಪಕ್ಕದಲ್ಲಿ ಎಳೆ ಚಂದ್ರ!

"ಏನ್ರೀ ಇದು, ಅಮಾಸೆ ದಿನ ಚಂದ್ರ ಬಂದವ್ನೆ!"

ಮಾವ ಹೊರಗೆ ಬಂದ, ಆಕಾಶ ನೋಡಿದ, ವಾಚು ನೋಡಿದ. "ಬಿಫೋರ್ ಟೈಮ್ ಬಂದವ್ನೆ. ನಮ್ ಸ್ಟ್ಯಾಂಡ್ ಆಗಿದ್ರೆ ಮೆಮೋ ಕೊಟ್ಟಿರ್ತಿದ್ದೆ!"

ಇಷ್ಟರಲ್ಲಿ ಜೂನ್ ಒಂದು ಬಂತು. ನಮ್ಮ ಕಡೆ ಹಿಂದೆಲ್ಲ ಮಕ್ಕಳನ್ನ ಶಾಲೆಗೆ ಸೇರಿಸುವಾಗ, "ಯಾವಾಗ ಹುಟ್ಟಿದ್ದು?" ಅಂತ ಹೆಡ್ ಮಾಸ್ಟರು ಕೇಳಿದರೆ, "ರಾಗಿ ಕುಯ್ಯೋವಾಗ ಸ್ವಾಮಿ" ಅಂತ ಹೆತ್ತವರು ಹೇಳೋದು, ಅವರು ಜೂನ್ ಒಂದು ಅಂತ ಬರೆದುಕೊಳ್ಳೋದು. ಮಾವ ಎಲ್ಲರ ಸರ್ಟಿಫಿಕೇಟ್ ತರಿಸಿ ಗುಲಾಬಿ ಕ್ಯಾಲೆಂಡರ್ ತುಂಬಿಸಿದ್ದ. ಅವತ್ತು ಬೆಳಗ್ಗೆ ಫೋನು ಒಂದೇ ಸಮ ಹತ್ತೊಂಬತ್ತು ಸಲ ಹೊಡ್ಕೊಂಡಿತು! ತನ್ನೊಬ್ಬನನ್ನ ಬಿಟ್ಟು ಹದಿನೆಂಟು ಜನಕ್ಕೂ ಮಾವ ಫೋನ್ ಮಾಡಿ ಹ್ಯಾಪಿ ಬರ್ತ್‌ಡೇ ಹೇಳಿದ. ನಮ್ಮಮ್ಮನೂ ಮಾವನೂ ಒಂದೇ ದಿನ ಶಾಲೆಗೆ ಸೇರಿದವರು, ಹಾಗಾಗಿ ಕಾಗದದಲ್ಲಿ ಅವಳಿ ಜವಳಿ. ಅಮ್ಮ ಫೋನಲ್ಲೇ ಉಗಿದಳು: "ಲೇ, ನಿನ್ನ ಎತ್ಕೊಂಡು ಸೊಂಟ ಸವೆಸ್ದೋಳು ಕಣ್ಲಾ ನಾನು! ನಂಗೂ ನಿಂಗೂ ಒಂದೇ ದಿನ ಬತ್ತದೇನ್ಲಾ?"

ಗುಲಾಬಿಯಲ್ಲಿ ಒಬ್ಬಳ ಹೆಸರು ಮಾತ್ರ ಇರಲಿಲ್ಲ. ಅತ್ತೆಯದು. ಅವಳು ಶಾಲೆಯ ಮುಖ ನೋಡಿದವಳಲ್ಲ, ಹಾಗಾಗಿ ಜೂನ್ ಒಂದೂ ಸಿಗಲಿಲ್ಲ. ಅವಳಿಗೆ ಒಂದು ವರ್ಷ ಆಗಿದ್ದಾಗ ತಾಯಿ ಜ್ವರ ಬಂದು ಹೋದಳಂತೆ, ಅಜ್ಜಿ ಸಾಕಿದಳಂತೆ, ಅಷ್ಟೇ ನಮಗೆ ಗೊತ್ತಿದ್ದದ್ದು. ದೀಪಾವಳಿ ಅಮಾವಾಸ್ಯೆ ಆದ ಐದನೇ ದಿನ ಅತ್ತೆ ತಪ್ಪದೆ ತಾಯಿಗೆ ಎಡೆ ಇಡ್ತಾಳೆ. ಸಾವಿನ ದಿನ ಇದೆ, ಹುಟ್ಟಿದ ದಿನ ಇಲ್ಲ! ಟೈಮ್ ಕೀಪರನ ಹೆಂಡತಿಗೇ ಟೈಮಿಲ್ಲ ಅಂದರೆ ಮಾವನಿಗೆ ಊಟ ಸೇರುತ್ತದೆಯೇ?

"ಎಲ್ರುಗೂ ಐತೆ, ನಿಂಗಿಲ್ಲ. ನಾನು ಕಂಡಿಡಿದೇ ಬುಡ್ತೀನಿ" ಅಂದ.

"ಬ್ಯಾಡ ಬುಡ್ರೀ. ಇಷ್ಟು ವರ್ಸ ಇಲ್ದೇ ಇದ್ದುದ್ದು ಈಗ್ಯಾಕೆ" ಅಂದಳು ಅತ್ತೆ. ಯಾವತ್ತೂ ನಗ್ತಾ ಇರೋಳು, ಅವತ್ತು ನಗಲಿಲ್ಲ. ನಾನು ಅದನ್ನ ನಾಚಿಕೆ ಅಂದುಕೊಂಡೆ.

ಮಾವ ಬಿಡ್ತಾನಾ! ಒಂದು ಶನಿವಾರ, ಅತ್ತೆಗೆ ಹಸು ನೋಡೋಕೆ ಅಂತ ಹೇಳಿ, ನನ್ನನ್ನ ಕರಕೊಂಡು ಮೇಟ್ಟೂರು ಹತ್ತಿರದ ಹಳ್ಳಿಗೆ ಹೊರಟ. ಅಲ್ಲಿ ಅತ್ತೆಯ ಚಿಕ್ಕವ್ವ, ಅಂದರೆ ಅವಳ ತಾಯಿಯ ತಂಗಿ, ಇನ್ನೂ ಗಟ್ಟಿಮುಟ್ಟಾಗಿ ಇದ್ದಾಳೆ. ದಾರಿ ಉದ್ದಕ್ಕೂ ಮಾವನಿಗೆ ಮದುವೆ ಗಂಡಿನ ಉಮೇದು! ಬಸ್ಸು ಎರಡು ನಿಮಿಷ ತಡ ಅಂತ ಕಂಡಕ್ಟರನಿಗೆ ಕ್ಲಾಸು ತಗೊಂಡ. "ವಾರ, ನಕ್ಷತ್ರ ಏಳ್ಬುಟ್ರೆ ಸಾಕು ಅಮ್ಮಿ, ತಾರೀಕು ನಾನು ತೆಗೀತೀನಿ. ಈ ಸಲ ನಿಮ್ಮತ್ತೆ ಕೈಲಿ ಕೇಕ್ ಕುಯ್ಯಿಸ್ಲಿಲ್ಲ ಅಂದ್ರೆ ಕೇಳು!"

ಚಿಕ್ಕವ್ವ ಜಗಲಿಯಲ್ಲಿ ಕಡಲೆಕಾಯಿ ಬಿಡಿಸ್ತಿದ್ದಳು. ಮಾವ ಫೋನ್ ತೆಗೆದು, ಗುಲಾಬಿ ಬಣ್ಣ ಒತ್ತಿ, ಬೆರಳು ಎತ್ತಿ ಹಿಡಕೊಂಡು ಕೇಳಿದ. ಚಿಕ್ಕವ್ವ ಕೈಯಲ್ಲಿದ್ದ ಕಾಯನ್ನ ಮೊರಕ್ಕೆ ಹಾಕಿದಳು.

"ಯಾವ ದಿನ ಅಂತ ಏಳ್ಲಪ್ಪ? ನೀವು ಎಡೆ ಇಕ್ತೀರಲ್ಲ, ಅದೇ ದಿನ. ಒತ್ತು ಉಟ್ಟೋವಾಗ ನಿನ್ನೆಂಡ್ತಿ ಉಟ್ಟಿ ಅತ್ಲು, ಆಗ್ಲೇ ನಮ್ಮಕ್ಕನ ಉಸ್ರು ನಿಂತೋಯ್ತು. ತಾಯ್ನ ತಿಂದ್ಕೊಂಡ ಕೂಸು ಅಂತ ಊರೋರು ಅಂದ್ಬುಟ್ಟಾರು ಅಂತ ನಮ್ಮವ್ವ ಕೂಸು ಎತ್ಕೊಂಡು ಊರೇ ಬುಟ್ಟು ಓದ್ಲು. ಬ್ಯಾರೆ ಊರ್ಗೆ ಓಗಿ, ತಾಯಿ ಜ್ವರ ಬಂದು ಸತ್ಲು ಅಂದ್ಲು, ಕೂಸ್ಗೆ ವರ್ಸ ಆಗಿತ್ತು ಅಂದ್ಲು. ಅವ್ಳ್ಗೆ ಗೊತ್ತಿಲ್ಲ. ಏಳ್ಬ್ಯಾಡಪ್ಪಾ."

ಮಾವ ಫೋನು ಜೇಬಿಗಿಟ್ಟ. ವಾಪಸ್ ಬರುವಾಗ ಬಸ್ಸು ಇಪ್ಪತ್ತೈದು ನಿಮಿಷ ತಡ. ಮಾವ ಬಾಯಿ ಬಿಡಲಿಲ್ಲ! ಇಪ್ಪತ್ತೈದು ನಿಮಿಷ! ನನಗೆ ನಿಜವಾಗಿ ಭಯ ಆಯ್ತು. ಊರಿನ ಸ್ಟಾಪಿನಲ್ಲಿ ಇಳಿದು, "ಬೂದಿ ಬಣ್ಣದ್ ದಿನದ್ ಮ್ಯಾಗೆ ಗುಲಾಬಿ ಎಂಗೆ ಆಕ್ಲಿ ಅಮ್ಮಿ?" ಅಂದ. ಅವತ್ತಿನಿಂದ ಮಾವ ವಾರಗಟ್ಟಲೆ ಯಾವ ಕ್ಯಾಲೆಂಡರಿಗೂ ಏನೂ ಹಾಕಲಿಲ್ಲ. ಹೇಳಿದರೆ ಹೆಂಡತಿಯ ಎದೆ ಒಡೆಯುತ್ತೆ, ಹೇಳದಿದ್ದರೆ ಅವಳ ದಿನ ಖಾಲಿ ಉಳಿಯುತ್ತೆ.

ಮಾರ್ಗಳಿ ತಿಂಗಳ ಕೊನೆಗೆ, ಪೊಂಗಲ್ ಇನ್ನೇನು ಬಂತು ಅನ್ನೋವಾಗ, ಎಲ್ಲರ ಫೋನೂ ಕಿಣಿಕಿಣಿ ಅಂತು. ಗುಲಾಬಿ! 'ಇವ್ಳು ಹುಟ್ಟಿದ ದಿನ. ಕಾಣುಂ ಪೊಂಗಲ್. ಬೆಳಗ್ಗೆ ಎಂಟು ಇಪ್ಪತ್ತು. ಎಲ್ಲಾ ಬರಬೇಕು.'

ಎಂಟು ಇಪ್ಪತ್ತಂತೆ! ಡ್ರೈವರುಗಳು ಕಾಲು ಹಿಡಿದರೂ ನಾಲ್ಕು ನಿಮಿಷ ಸುಳ್ಳು ಬರೆಯದ ಮನುಷ್ಯ, ದೀಪಾವಳಿ ಹಿಂದಿನ ದಿನವನ್ನ ಪೊಂಗಲ್ಲಿಗೆ ತಂದು, ಎರಡು ತಿಂಗಳಿಗೂ ಮೀರಿ ಸುಳ್ಳು ಬರೆದಿದ್ದ. ಅದಕ್ಕೆ ನಿಮಿಷದ ಲೆಕ್ಕ ಬೇರೆ!

ಕಾಣುಂ ಪೊಂಗಲ್, ಅಂದರೆ ನೆಂಟರನ್ನ ನೋಡೋಕೆ ಹೋಗೋ ಪೊಂಗಲ್ಲಿನ ಕೊನೇ ದಿನ, ಮನೆ ತುಂಬ ಜನ. ಅಮ್ಮ ಬಂದಳು, ಬೇಬಿ ಪೌಡರಿನ ನೆಂಟರೂ ಬಂದರು. ನಲ್ಲಂಪಳ್ಳಿಯಿಂದ ಗುಲಾಬಿ ಬಣ್ಣದ ಕೇಕ್ ಬಂತು. ಮಾವ ಹಳೇ ಸೀಟಿ ಕೊರಳಿಗೆ ಹಾಕಿಕೊಂಡು, "ಚಿಕ್ಕವ್ವ ಕರೆಕ್ಟಾಗಿ ಏಳ್ತು ಕಣ್ರೋ, ಎಂಟು ಇಪ್ಪತ್ತು!" ಅಂತ ಎಲ್ಲರಿಗೂ ಸಾರುತ್ತಿದ್ದ, ಯಾರ ಮುಖವನ್ನೂ ನೋಡದೆ. ನಾನು ಅಡಿಗೆ ಮನೆಗೆ ಹೋದೆ. ಅತ್ತೆ ಹೊಸ ಸೀರೆ ಉಟ್ಟು ಒಬ್ಬಳೇ ನಿಂತಿದ್ದಳು, ಕಣ್ಣು ತುಂಬಿತ್ತು.

"ಯಾಕತ್ತೆ, ಇವತ್ತು ಅಳ್ತಾರಾ?" ಅಂದೆ.

"ಅಮ್ಮಿ, ನನ್ ದಿನ ಇದಲ್ಲ. ನಂಗ್ ಗೊತ್ತು. ನನ್ ಸಾಕಿದ್ ಅಜ್ಜಿ ಸಾಯೋ ಮುಂಚೆ ಎಲ್ಲಾ ಏಳ್ಬುಟ್ತು."

"ಮತ್ತೆ ಮಾವಂಗೆ ಯಾಕೆ ಹೇಳಲಿಲ್ಲ?"

"ಎಂಗೆ ಏಳ್ಲಿ? ಎಡೆ ಇಕ್ಕೋ ದಿನ ನಂಗಿಂತ ಜಾಸ್ತಿ ಅವ್ರೇ ಸಪ್ಪಗಾಯ್ತಾರೆ, ಅದೇ ನಾನು ಉಟ್ಟಿದ್ ದಿನ ಅಂದ್ರೆ ಇನ್ನೆಂಗಾಯ್ತಾರೋ. ಈಗ ನೋಡು, ಜೀವ್ಮಾನ್ದಾಗೆ ಒಂದೇ ಒಂದು ಸುಳ್ಳು ಏಳವ್ರೆ. ನಂಗೋಸ್ಕರ. ಅದೂ ನಿಮಿಷ ಸಮೇತ!" ಅತ್ತೆ ಅಳ್ತಾ ಅಳ್ತಾನೇ ನಕ್ಕಳು. "ನೀನೂ ಬಾಯ್ ಬುಡ್ಬ್ಯಾಡ ಕಣಮ್ಮಿ. ಇದೇ ನನ್ ದಿನ."

ಹೊರಗೆ ಸೀಟಿ ಕೂಗಿತು. "ಟೈಮ್ ಆಯ್ತು! ಕೇಕ್ ಎಡು!"

ಅತ್ತೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಹೋದಳು. ಕೇಕ್ ಕುಯ್ದಳು, ಮೊದಲ ತುಂಡು ಮಾವನ ಬಾಯಿಗಿಟ್ಟಳು. ಆಮೇಲೆ ಕೇಳಿದಳು: "ಇದು ಮುಂದಿನ ವರ್ಸಾನೂ ಬತ್ತದೇನ್ರೀ, ಇಲ್ಲಾ ಇದ್ಕೂ ಕೊನೆ ತಾರೀಕು ಆಕಿದೀರಾ?"

ಮಾವ ಫೋನನ್ನು ಹೆಂಡತಿಯ ಮುಂದೆ ಹಿಡಿದ. ಅತ್ತೆಗೆ ಓದಲು ಬರುವುದಿಲ್ಲ, ನಾನೇ ಬಗ್ಗಿ ನೋಡಿದೆ. ವರ್ಷಕ್ಕೊಮ್ಮೆ ಅಂತ ಇತ್ತು. ಮುಗಿಯೋ ದಿನ ಅನ್ನೋ ಕಡೆ, ಯಾವತ್ತೂ ಇಲ್ಲ ಅನ್ನೋದನ್ನ ಒತ್ತಿದ್ದ.

"ಇದೊಂದು ವಂಡಿಗೆ ಲಾಸ್ಟ್ ಟ್ರಿಪ್ ಇಲ್ಲ" ಅಂದ ಮಾವ, ಬಾಯಿ ತುಂಬ ಕೇಕ್ ಇಟ್ಟುಕೊಂಡು.