ಬಿಕ್ಕಳಿಕೆ ಎಳೆದ ಗೆರೆಗಳು

ಎಲ್ಲಕ್ಕೂ ಕಾರಣ ಒಂದು ತುಂಡು ಒಣ ಬ್ರೆಡ್ಡು. ಮೆಲ್ಲಣ್ಣ ಅದನ್ನು ನೀರೂ ಕುಡಿಯದೆ ಗುಳುಂ ಎಂದು ನುಂಗಿ ಕೆಲಸಕ್ಕೆ ಓಡಿದ. ಲೇಸರ್ ಕೋಣೆಯ ಬಾಗಿಲು ಮುಟ್ಟುವಷ್ಟರಲ್ಲಿ ಮೊದಲ ಬಿಕ್ಕಳಿಕೆ ಬಂತು.

ಕೂದಲೆಳೆಯಂಥ ಗಾಜಿನ ಫೈಬರಿನೊಳಗೆ ಲೇಸರಿನಿಂದ ಒತ್ತೊತ್ತಾಗಿ ಸಾವಿರಾರು ಗೆರೆ ಬರೆಯುವುದು ಅವನ ಕೆಲಸ. ಅದನ್ನು ಸೇತುವೆಗೆ ಅಂಟಿಸಿದರೆ ಸಾಕು, ಸೇತುವೆ ಒಂದಿಷ್ಟು ಹಿಗ್ಗಿದರೂ, ಬಿರುಕು ಬಿಟ್ಟರೂ ಒಳಗಿನ ಬೆಳಕು ಚಾಡಿ ಹೇಳುತ್ತದೆ. ಆದರೆ ಬರೆಯುವಾಗ ಮೇಜು ಅಲುಗಿತೋ, ಕೆಲಸ ಕೆಟ್ಟಂತೆ. ಅದಕ್ಕೇ ಹೊರಗೆ ಓಡಾಡುವವರಿಗೆಲ್ಲ “ಮೆಲ್ಲಗೆ, ಮೆಲ್ಲಗೆ!” ಎಂದು ಗದರಿ ಗದರಿ ಅವನಿಗೆ ಆ ಹೆಸರು ಅಂಟಿತ್ತು. ಈಗ ಮೇಜು ಅಲುಗಿಸುತ್ತಿದ್ದವನು ಅವನೇ. ಗದರುವುದು ಯಾರನ್ನು?

ಮಧ್ಯಾಹ್ನ ಸೇತುವೆಯ ಇಂಜಿನಿಯರಮ್ಮ ಬರುವವರಿದ್ದರು. “ಅವರು ಒಪ್ಪಿದ್ರೆ ನಿಮ್ಮ ಕೆಲಸ ಕಾಯಂ” ಎಂದಿದ್ದರು ಪ್ರಯೋಗಾಲಯದ ನಿರ್ದೇಶಕರು. ಉಳಿದಿದ್ದ ಫೈಬರ್ ಒಂದೇ ತುಂಡು.

ಸುದ್ದಿ ತಿಳಿದು ಕಚೇರಿಯೇ ವೈದ್ಯಕ್ಕೆ ಇಳಿಯಿತು.

“ಮೂಗು ಹಿಡ್ಕೊಂಡು ನೀರು ಕುಡೀರಿ” ಎಂದರು ಟೈಪಿಸ್ಟ್ ಅಕ್ಕ.

“ಬಗ್ಗಿ ಕುಡೀಬೇಕು” ಎಂದ ಸ್ಟೋರ್‌ಕೀಪರ್.

ಎರಡನ್ನೂ ಒಟ್ಟಿಗೆ ಮಾಡಹೋಗಿ ನೀರೆಲ್ಲ ಅಂಗಿಯ ಪಾಲಾಯಿತು.

“ಯಾರೋ ನೆನಸ್ಕೋತಿದಾರೆ. ಯಾರು ಅಂತ ಗೊತ್ತಾದ್ರೆ ನಿಂತುಹೋಗುತ್ತೆ” ಎಂದರು ಅಕ್ಕ.

ಮೆಲ್ಲಣ್ಣ ಹೆಂಡತಿಗೆ ಫೋನ್ ಮಾಡಿದ. “ನನ್ನನ್ನ... ಹಿಕ್... ನೆನಸ್ಕೋತಾ ಇದೀಯೇನೇ?”

“ನನಗೇನು ಬೇರೆ ಕೆಲಸ ಇಲ್ವಾ?” ಎಂದು ಅವಳು ಫೋನ್ ಇಟ್ಟಳು.

ಬೇರೆ ದಾರಿ ಕಾಣದೆ ಅವನು ಉಸಿರು ಬಿಗಿಹಿಡಿದು ಲೇಸರ್ ಹಚ್ಚಿದ. ಬೆಳಕು ಫೈಬರಿನ ಉದ್ದಕ್ಕೂ ಇರುವೆಯಂತೆ ಹರಿಯತೊಡಗಿತು. ಹಿಕ್! ಫೈಬರ್ ಜಾರಿತು. ಹಿಕ್! ಮತ್ತೂ ಜಾರಿತು. ಮುಗಿಯುವಷ್ಟರಲ್ಲಿ ಗೆರೆಗಳ ನಡುವಿನ ಅಂತರ ಹಿಗ್ಗುತ್ತಾ ಹಿಗ್ಗುತ್ತಾ ಹೋಗಿತ್ತು. ನಿರ್ದೇಶಕರು ಕಂಪ್ಯೂಟರ್ ಪರದೆ ನೋಡಿ ಕೆಂಡವಾದರು.

“ಏನ್ರೀ ಇದು? ನಾಳೆಯಿಂದ ಬರಲೇಬೇಡಿ!”

ಆ ಅಬ್ಬರಕ್ಕೆ ಬಿಕ್ಕಳಿಕೆ ಗಪ್ಪೆಂದು ನಿಂತಿತು. ಅಷ್ಟರಲ್ಲಿ ಇಂಜಿನಿಯರಮ್ಮ ಒಳಗೆ ಬಂದೇಬಿಟ್ಟರು. ತೋರಿಸಲು ಬೇರೇನೂ ಇರಲಿಲ್ಲ. ಅವರು ಆ ಫೈಬರನ್ನೇ ಕಬ್ಬಿಣದ ಪಟ್ಟಿಗೆ ಅಂಟಿಸಿ, ಅಲ್ಲಲ್ಲಿ ಒತ್ತಿ, ಪರದೆ ನೋಡಿದರು. ಮೆಲ್ಲಣ್ಣ ಕಣ್ಣು ಮುಚ್ಚಿಕೊಂಡ.

“ಅಬ್ಬಾ! ಯಾರು ಮಾಡಿದ್ದು ಇದನ್ನ? ಗೆರೆಗಳೆಲ್ಲ ಒಂದೇ ಅಂತರದಲ್ಲಿದ್ರೆ ಬಿರುಕು ಬಿಟ್ಟಿದೆ ಅಂತಷ್ಟೇ ಗೊತ್ತಾಗುತ್ತೆ. ಇದು ಎಲ್ಲಿ ಬಿಟ್ಟಿದೆ ಅಂತಲೂ ತೋರಿಸುತ್ತೆ! ಫೈಬರ್ ನಾನೇ ಕೊಡಿಸ್ತೀನಿ, ಥೇಟ್ ಇಂಥದ್ದೇ ಇನ್ನೊಂದು ಐವತ್ತು ಮಾಡ್ಕೊಡಿ.”

ನಿರ್ದೇಶಕರ ಕೈ ಮೆಲ್ಲಣ್ಣನ ಹೆಗಲ ಮೇಲೆ ಬಿತ್ತು. “ನಮ್ಮ ಹುಡುಗ, ಮೇಡಂ! ಹೇಗೆ ಮಾಡಿದ್ರಿ, ಹೇಳ್ರೀ.”

“ಬಿಕ್ಕಳಿಸ್ಕೊಂಡು, ಸಾರ್.”

“ಹಾಗಾದ್ರೆ ಬಿಕ್ಕಳಿಸಿ!”

ಮೆಲ್ಲಣ್ಣ ಗಾಳಿ ನುಂಗಿದ, ಕತ್ತು ಕೊಂಕಿಸಿದ, ಕುಪ್ಪಳಿಸಿದ. ಒಂದು ತೇಗು ಬಂತು, ಅಷ್ಟೇ. ಅವನ ಪಾಡು ನೋಡಿ ಸ್ಟೋರ್‌ಕೀಪರ್ ಹೊಟ್ಟೆ ಹಿಡಿದುಕೊಂಡು ನಕ್ಕ, ಬಿದ್ದೂ ಬಿದ್ದೂ ನಕ್ಕ. ನಗು ತಡೆಯಲಾರದೆ ಕೊನೆಗೆ “ಹಿಕ್!” ಎಂದ.

ಎಲ್ಲರ ಕಣ್ಣೂ ಅವನ ಮೇಲೆ ನೆಟ್ಟವು.

“ಹಿಕ್!”

“ಇವರಿಗೆ ಲೇಸರ್ ಕನ್ನಡಕ ಹಾಕ್ರೀ, ಬೇಗ!” ಎಂದು ನಿರ್ದೇಶಕರು ಕೂಗಿದರು. “ಯಾರೂ ನೀರು ಕೊಡಬೇಡಿ!”

“ಸಾರ್, ನಾನು?” ಎಂದ ಮೆಲ್ಲಣ್ಣ.

ನಿರ್ದೇಶಕರು ಸ್ಟೋರಿನ ಬೀಗದಕೈ ಗೊಂಚಲನ್ನು ಅವನ ಅಂಗೈಗೆ ಹಾಕಿದರು. “ಸದ್ಯಕ್ಕೆ ಅಲ್ಲಿ ಕೂತಿರಿ. ಬಿಕ್ಕಳಿಕೆ ಬಂದ ದಿನ ಬನ್ನಿ, ಕಾಯಂ ವಿಷಯ ಮಾತಾಡೋಣ.”