ಮಾವನವರ ಜೋಳ, ನಮ್ಮ ಗೋಡೆ

ಮೈಯ ರೋಗವನ್ನು ಮನುಷ್ಯ ಡಾಕ್ಟರ ಮುಂದೆ ಹೇಳಿಕೊಂಡಾನು, ಮನೆಯ ರೋಗವನ್ನು ಮಾತ್ರ ಯಾರ ಮುಂದೆಯೂ ಹೇಳಲಾರ. ಬೀದರಿನ ನಮ್ಮ ಮನೆಗೆ ಬಂದವರು ಪಡಸಾಲೆ ನೋಡಿ ಹೊಗಳುತ್ತಿದ್ದರು. ಮಕ್ಕಳು ಮಲಗುವ ಒಳಕೋಣೆಯ ಬಾಗಿಲನ್ನು ನಾನು ಮೊದಲೇ ಎಳೆದುಬಿಟ್ಟಿರುತ್ತಿದ್ದೆ. ಅಲ್ಲಿ ನನ್ನ ಮಾವನವರ ಜೋಳದ ಚೀಲಗಳು ಗೋಡೆಗೆ ಒರಗಿ ನಿಂತಿದ್ದವು.

ಮಾವನವರು ಭಾತಂಬ್ರಾ ಊರಿನ ರೈತರು. ರಾಶಿ ಮುಗಿದೊಡನೆ ಮಗಳ ಮನೆಗೆ ಟಂಟಂ ಆಟೋದಲ್ಲಿ ಜೋಳ ಕಳಿಸಿದರೇ ಅವರಿಗೆ ನಿದ್ದೆ. ನಮ್ಮ ಕಡೆ ತವರಿನಿಂದ ಬಂದ ಚೀಲವನ್ನು ಬೇಡ ಎಂದರೆ ಮಗಳನ್ನೇ ಬೇಡ ಎಂದ ಹಾಗೆ. ಹೊರಗಿಟ್ಟರೆ ಇಲಿ ಬಿಡುವುದಿಲ್ಲ, ಅಡುಗೆಮನೆಯಲ್ಲಿ ಜಾಗವಿಲ್ಲ. ಹೀಗೆ ಜೋಳ ಮಕ್ಕಳ ಕೋಣೆ ಸೇರಿತು. ಮಾಳಿಗೆಯ ಪೈಪು ಸೋರಿ ಗೋಡೆ ನೆನೆದದ್ದು ಚೀಲಗಳ ಹಿಂದೆ ಯಾರಿಗೂ ಕಾಣಲಿಲ್ಲ. ಕೋಣೆಯಲ್ಲಿ ಹಸಿ ವಾಸನೆ ಬಂದಾಗ, ಹಾಸಿಗೆ ಒದ್ದೆ ಮಾಡಿದೆಯಾ ಎಂದು ನಾಲ್ಕು ವರ್ಷದ ಮಿಲಿಂದನನ್ನು ಗದರಿದ್ದೆ. ಪಾಪ, ಅವನು ಒಪ್ಪಿಕೊಂಡೂ ಬಿಟ್ಟ.

ಅವನ ತಂಗಿ ಸುಜಾತಾಳಿಗೆ ಕೆಮ್ಮು ಹತ್ತಿತು. ನೆರೆಯವರು ಬಾಳೆಹಣ್ಣು ತಿನ್ನಿಸಿದ್ದಕ್ಕೆ ಎಂದರು, ದೃಷ್ಟಿ ತಾಗಿದೆ ಎಂದರು. ಕೂಸು ಸೊರಗಿದೆ ಎಂದು ಮಾವನವರು ಇನ್ನಷ್ಟು ಜೋಳ ತಂದರು. ಅದಕ್ಕೆ ಜಾಗ ಮಾಡಲು ಹಳೆಯ ಚೀಲ ಸರಿಸಿದೆ. ಗೋಡೆ ತುಂಬ ಕರಿ ಬೂಷ್ಟು. ಇಷ್ಟಕ್ಕೆಲ್ಲ ಯಾರನ್ನು ಕೇಳುವುದು? ಮಕ್ಕಳ ಎದುರಿಗೇ ಒಣ ಪೊರಕೆಯಿಂದ ಪರಪರ ಕೆರೆದು, ಮೇಲೆ ಸುಣ್ಣ ಬಳಿದೆ. ಮಿಲಿಂದ ಚಪ್ಪಾಳೆ ತಟ್ಟಿದ. ಸಂಜೆಗೆ ಸುಜಾತಾಳ ಎದೆ ಗೊರಗೊರ ಎನ್ನತೊಡಗಿತು. ಒಂದೊಂದು ಉಸಿರಿಗೂ ಅವಳ ಪಕ್ಕೆ ಒಳಗೆ ಎಳೆದುಕೊಳ್ಳುವುದನ್ನು ಕಂಡು, ಎತ್ತಿಕೊಂಡು ಎಲ್ಲರೂ ಆಸ್ಪತ್ರೆಗೆ ಓಡಿದೆವು.

ಡಾಕ್ಟರು ಮೂಗಿಗೆ ಔಷಧಿಯ ಹಬೆ ಕೊಡಿಸಿ, ಮನೆಯಲ್ಲಿ ಗೋಡೆ ಏನಾದರೂ ಹಸಿಯಾಗಿದೆಯೇ ಎಂದು ಕೇಳಿದರು. ಪಕ್ಕದಲ್ಲಿ ಮಾವನವರಿದ್ದರು. ನಮ್ಮ ಮನೆ ಬಹಳ ಚೊಕ್ಕ ಎಂದೆ.

“ಸುಳ್ಳ ಹೇಳ್ತಾರ್ರೀ,” ಎಂದಳು ಹೆಂಡತಿ ರತ್ನಾ, ತಂದೆಯ ಮುಖ ನೋಡದೆ. “ಜ್ವಾಳದ ಹಿಂದ ಗ್ವಾಡಿ ಪೂರಾ ಕರ್ರಗಾಗ್ಯದ.”

ಡಾಕ್ಟರು ನನ್ನನ್ನು ನೋಡಿದ ರೀತಿಯನ್ನು ನಾನು ಮರೆಯಲಾರೆ. ಮೊದಲು ಸೋರುವ ನೀರು ನಿಲ್ಲಿಸಿ ಎಂದರು. ಕೆಲಸ ಮುಗಿದು ಗೋಡೆ ಒಣಗುವವರೆಗೆ ಮಕ್ಕಳು ಆ ಕೋಣೆಗೆ ಕಾಲಿಡಬಾರದು. ಒಣ ಬೂಷ್ಟನ್ನು ಕೆರೆದರೆ ಪುಡಿ ಎದೆಗೆ ಇಳಿಯುತ್ತದೆ, ಮಾಸ್ಕು ಕೈಗವಸು ಹಾಕಿ, ಕಿಟಕಿ ತೆರೆದು, ಸಾಬೂನು ನೀರಿನಿಂದ ಒರೆಸಬೇಕು. ನಾನು ಜಾಣತನ ತೋರಿಸಲು, ಬ್ಲೀಚಿಂಗ್ ಪೌಡರಿಗೆ ಬಚ್ಚಲಿನ ಆಸಿಡ್ ಬೆರೆಸಿದರೆ ಹೇಗೆ ಎಂದೆ. ಅದರಿಂದ ಏಳುವ ವಿಷಗಾಳಿಗೆ ಮನೆಮಂದಿಯೆಲ್ಲ ಇಲ್ಲಿಗೇ ಬರಬೇಕಾಗುತ್ತದೆ ಎಂದರು.

ಮಕ್ಕಳನ್ನು ಭಾಲ್ಕಿಯ ಅಕ್ಕನ ಮನೆಗೆ ಬಿಟ್ಟು ಎಲ್ಲವನ್ನೂ ಹಾಗೆಯೇ ಮಾಡಿದೆವು. ಬೂಷ್ಟು ಹಿಡಿದ ಗಾದಿಯನ್ನು ಎಸೆದೆವು. ಸುಜಾತಾ ಮರಳಿ ಬಂದ ಮೇಲೆ ಕೆಮ್ಮಲಿಲ್ಲ. ಡಾಕ್ಟರ ಮಾತು ಕಿವಿಯಾರೆ ಕೇಳಿದ್ದ ಮಾವನವರು ಅವಳನ್ನು ತೊಡೆಯ ಮೇಲೆ ಕೂಡಿಸಿಕೊಂಡು, “ನೋಡ್ರಿ ಅಳಿಯಾರ, ನಮ್ಮ ಹೊಲದ ಜ್ವಾಳ ತಿಂದು ಕೂಸು ಹ್ಯಾಂಗ ಗಟ್ಟಿ ಆತು,” ಎಂದರು.

“ಹೌದ್ರಿ ಮಾವಾರ,” ಎಂದೆ. ರತ್ನಾ ಎದ್ದು ಒಳಗೆ ಹೋದಳು.

ಚೀಲಗಳು ಈಗ ನನ್ನ ಮಂಚದ ಪಕ್ಕದಲ್ಲಿವೆ, ಬಚ್ಚಲಿಗೆ ಹೊಂದಿಕೊಂಡ ಗೋಡೆಗೆ ಒರಗಿ. ಅವುಗಳ ಹಿಂದೆ ಇಣುಕಿ ನೋಡುವ ಧೈರ್ಯ ನನಗಿಲ್ಲ. ಇತ್ತೀಚೆಗೆ ನನಗೇ ಕೆಮ್ಮು. ಸುದ್ದಿ ಭಾತಂಬ್ರಾ ಮುಟ್ಟಿದೆ, ಟಂಟಂ ಅಲ್ಲಿಂದ ಹೊರಟಿದೆಯಂತೆ.